ಗುಂಪಿನ ಸಂಖ್ಯೆ ನೋಡಿ ಲೋಹವೋ ಅಲೋಹವೋ ಹೇಳಬಹುದಾ?

ಪ್ರಶ್ನೆ: ಮೇಡಂ, ನಾನು ಹತ್ತನೇ ತರಗತಿ. ಆವರ್ತ ಕೋಷ್ಟಕದಲ್ಲಿ 1ರಿಂದ 12ನೇ ಗುಂಪಿನ ತನಕ ಲೋಹ, 13ರಿಂದ 18ರ ತನಕ ಅಲೋಹ ಅಂತ ಬಾಯಿಪಾಠ ಮಾಡಿದ್ದೆ. ಆದರೆ ಅಲ್ಯೂಮಿನಿಯಂ 13ರಲ್ಲಿದೆ, ಸೀಸ 14ರಲ್ಲಿದೆ. ಎರಡೂ ಲೋಹ ಅಲ್ವಾ?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ): ನಿನಗೆ ಬಂದ ಅನುಮಾನ ಸರಿಯಾಗೇ ಇದೆ. ಆ ಸೂತ್ರದ ಮೊದಲರ್ಧ ಇಟ್ಟುಕೋ, ಉಳಿದದ್ದು ಬಿಟ್ಟುಬಿಡು. 1ರಿಂದ 12ರ ತನಕ ಹೈಡ್ರೋಜನ್ ಒಂದನ್ನು ಬಿಟ್ಟರೆ ಎಲ್ಲವೂ ಲೋಹಗಳೇ. ಕೋಷ್ಟಕದ ಕೆಳಗೆ ಬೇರೆಯಾಗಿ ಬರೆಯುವ ಎರಡು ಸಾಲುಗಳೂ ಅಷ್ಟೇ. ಬಲ ತುದಿಯಲ್ಲಿ ಫ್ಲೋರಿನ್‌ನಿಂದ ಅಯೋಡಿನ್ ತನಕ, ಹೀಲಿಯಂನಿಂದ ರೇಡಾನ್ ತನಕ ಅಲೋಹಗಳು. ತಕರಾರು ಇರುವುದು 13ರಿಂದ 16ರ ನಡುವೆ ಮಾತ್ರ.

ಅಲ್ಲಿ ಗುಂಪಿನ ಸಂಖ್ಯೆ ಸಾಲದು, ಆವರ್ತವನ್ನೂ, ಅಂದರೆ ಅಡ್ಡಸಾಲನ್ನೂ ನೋಡಬೇಕು. ಹೊರಗಿನ ಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ ಅನ್ನುವುದನ್ನು ಗುಂಪು ಹೇಳುತ್ತದೆ. ಅವು ನ್ಯೂಕ್ಲಿಯಸ್‌ನಿಂದ ಎಷ್ಟು ದೂರ ಇವೆ ಅನ್ನುವ ಅಂದಾಜು ಆವರ್ತದಿಂದ ಸಿಗುತ್ತದೆ. 14ನೇ ಗುಂಪನ್ನೇ ನೋಡು. ಎಲ್ಲಕ್ಕೂ ಹೊರಗಡೆ ನಾಲ್ಕೇ ಎಲೆಕ್ಟ್ರಾನ್. ಇಂಗಾಲಕ್ಕೆ ಇರುವುದು ಎರಡೇ ಕವಚ, ಹಾಗಾಗಿ ಹಿಡಿತ ಬಿಗಿ. ಒಂದು ಎಲೆಕ್ಟ್ರಾನ್ ಕೀಳಲು ಮೋಲ್‌ಗೆ 1086 ಕಿಲೋಜೌಲ್ ಶಕ್ತಿ ಬೇಕು. ಆರು ಕವಚದ ಸೀಸಕ್ಕೆ 716 ಸಾಕು. ಎಲೆಕ್ಟ್ರಾನ್ ಸುಲಭವಾಗಿ ಬಿಟ್ಟುಕೊಡುವುದೇ ಲೋಹದ ಗುಣ. ಹಾಗಾಗಿ ಇದೇ ಗುಂಪಿನಲ್ಲಿ ಮೇಲೆ ಇಂಗಾಲ ಅಲೋಹ, ನಡುವೆ ಸಿಲಿಕಾನ್, ಜರ್ಮೇನಿಯಂ ಲೋಹಾಭಗಳು (ಲೋಹ, ಅಲೋಹ ಎರಡರ ಗುಣವೂ ಇರುವವು), ಕೆಳಗೆ ತವರ, ಸೀಸ ಲೋಹಗಳು.

ಇಲ್ಲಿ ತವರದ ವಿಷಯ ಹೇಳಲೇಬೇಕು, ನನಗೆ ತುಂಬಾ ಇಷ್ಟವಾದ ಧಾತು ಅದು. ನಮಗೆಲ್ಲ ಗೊತ್ತಿರುವುದು ಬೆಳ್ಳಗೆ ಹೊಳೆಯುವ, ಬಡಿದರೆ ತಗಡಾಗುವ ಲೋಹ. ಅದೇ ಶುದ್ಧ ತವರವನ್ನು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ತುಂಬಾ ದಿನ ಇಟ್ಟರೆ ನಿಧಾನವಾಗಿ ಬೂದು ತವರವಾಗುತ್ತದೆ. ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ಆ ಪುಡಿಯಲ್ಲಿ ಪರಮಾಣುಗಳು ಸಿಲಿಕಾನ್‌ನಲ್ಲಿ ಇರುವ ಹಾಗೇ ಜೋಡಣೆಯಾಗಿರುತ್ತವೆ, ಲೋಹದ ಗುಣ ಹೋಗಿರುತ್ತದೆ. ಗಡಿಯ ಪಕ್ಕದಲ್ಲಿರುವ ಧಾತು ಹೀಗೆ ಎರಡೂ ಕಡೆ ಕಾಲಿಡುತ್ತದೆ.

ಆ ಗಡಿಯನ್ನೇ ಕೋಷ್ಟಕದಲ್ಲಿ ಮೆಟ್ಟಿಲಿನಂಥ ಗೆರೆಯಾಗಿ ಎಳೆದಿರುತ್ತಾರೆ. ಬೋರಾನ್ ಹತ್ತಿರ ಶುರುವಾಗಿ ಬಲಕ್ಕೆ ಇಳಿಯುತ್ತದೆ. ಸಿಲಿಕಾನ್, ಜರ್ಮೇನಿಯಂ, ಆರ್ಸೆನಿಕ್, ಆಂಟಿಮನಿ, ಟೆಲ್ಯೂರಿಯಂ ಎಲ್ಲ ಅದರ ಅಕ್ಕಪಕ್ಕದವು.

ಇನ್ನೊಬ್ಬರ ಪ್ರಶ್ನೆ: ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದಲ್ಲ ಮೇಡಂ? ಮತ್ತೆ ಇಂಗಾಲ ಹೇಗೆ ಅಲೋಹ?

ಉತ್ತರ: ಕರೆಂಟ್ ಹರಿಯುವುದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಗ್ರಾಫೈಟ್‌ನಲ್ಲಿ ಒಂದೊಂದು ಇಂಗಾಲವೂ ಮೂರು ಇಂಗಾಲಗಳ ಜೊತೆ ಬಂಧ ಮಾಡಿಕೊಂಡಿರುತ್ತದೆ. ಉಳಿದ ನಾಲ್ಕನೇ ಎಲೆಕ್ಟ್ರಾನ್ ಆ ಪದರದೊಳಗೆ ಓಡಾಡುತ್ತದೆ, ಕರೆಂಟ್ ಹರಿಯುವುದು ಅದರಿಂದ. ಆದರೆ ಗ್ರಾಫೈಟ್ ಬಡಿದರೆ ತಗಡಾಗುವುದಿಲ್ಲ, ಪುಡಿಯಾಗುತ್ತದೆ. ನಾನು ಜಾಸ್ತಿ ನಂಬುವುದು ಆಕ್ಸೈಡನ್ನು, ಅಂದರೆ ಧಾತು ಆಮ್ಲಜನಕದ ಜೊತೆ ಸೇರಿ ಆಗುವ ವಸ್ತುವನ್ನು. ಸಾಮಾನ್ಯವಾಗಿ ಅಲೋಹದ ಆಕ್ಸೈಡ್ ಆಮ್ಲೀಯ, ಲೋಹದ್ದು ಪ್ರತ್ಯಾಮ್ಲೀಯ. ಇಂಗಾಲದ ಡೈಆಕ್ಸೈಡ್ ಕರಗಿದ ನೀರು ನೀಲಿ ಲಿಟ್ಮಸ್ಸನ್ನು ಕೆಂಪಗೆ ತಿರುಗಿಸುತ್ತದೆ. ಮೆಗ್ನೀಸಿಯಂ ಉರಿಸಿ ಬಂದ ಬಿಳಿ ಪುಡಿಯನ್ನು ನೀರಿಗೆ ಹಾಕಿ ನೋಡಿ, ಕೆಂಪು ಲಿಟ್ಮಸ್ ನೀಲಿಯಾಗುತ್ತದೆ.

ಮತ್ತೊಬ್ಬರ ಪ್ರಶ್ನೆ: ಹೈಡ್ರೋಜನ್ ಲೋಹ ಅಲ್ಲ ಅಂದಮೇಲೆ 1ನೇ ಗುಂಪಿನಲ್ಲಿ ಯಾಕಿದೆ?

ಉತ್ತರ: ಹೊರಗಡೆ ಒಂದೇ ಎಲೆಕ್ಟ್ರಾನ್ ಇದೆಯಲ್ಲ, ಅದಕ್ಕೆ. ಆದರೆ ಅದಕ್ಕೆ ಒಳಕವಚವೇ ಇಲ್ಲ, ಎಲೆಕ್ಟ್ರಾನ್ ನ್ಯೂಕ್ಲಿಯಸ್‌ಗೆ ತೀರಾ ಹತ್ತಿರ. ಅದನ್ನು ಕೀಳಲು 1312 ಕಿಲೋಜೌಲ್ ಬೇಕು, ಸೋಡಿಯಂಗೆ 496 ಸಾಕು.

ಮೊದಲು ಕೇಳಿದ ವಿದ್ಯಾರ್ಥಿ: ಮೇಡಂ, 15ನೇ ಗುಂಪು, 6ನೇ ಆವರ್ತ ಅಂತ ಕೊಟ್ಟರೆ ಬಿಸ್ಮತ್, ಲೋಹ ಅಂತ ಬರೀಲಾ?

ಉತ್ತರ: ಹೌದು, ಹಾಗೇ ಬರಿ. ಜೊತೆಗೆ ಕಾರಣವನ್ನೂ ಒಂದು ಸಾಲು ಸೇರಿಸು: ಅದೇ ಗುಂಪಿನ ನೈಟ್ರೋಜನ್‌ಗೆ ಎರಡು ಕವಚ, ಬಿಸ್ಮತ್‌ಗೆ ಆರು.