ಕಾರಿನ ಸದ್ದಿಗೆ ಪದ: ‘ಟಕ್’ ಬೇರೆ, ‘ಟಕಟಕ’ ಬೇರೆ ಅಲ್ವಾ?

ಎಲ್ಲರಿಗೂ ನಮಸ್ಕಾರ.

ಕಾರಿನ ಚಕ್ರದ ಬೇರಿಂಗ್ ಸವೆದಾಗ ಕೆಳಗಿನಿಂದ ಒಂದು ಸದ್ದು ಬರುತ್ತದೆ. ಊರೊಳಗೆ ನಿಧಾನಕ್ಕೆ ಹೋಗುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ಹೈವೇಗೆ ಬಿದ್ದು ವೇಗ 50–60 ದಾಟಿತು ಅಂದರೆ ಶುರು. ವೇಗ ಏರಿದ ಹಾಗೆ ಏರುತ್ತದೆ, ಇಳಿದ ಹಾಗೆ ಇಳಿಯುತ್ತದೆ. ನಾವು ಅದನ್ನು ‘ಗುಂಯ್ ಅಂತಿದೆ’ ಅನ್ನುತ್ತೇವೆ. ‘ವೂಂ’ ಅನ್ನುವವರೂ ಇದ್ದಾರೆ, ‘ಹುಂಯ್’ ಅನ್ನುವವರೂ ಇದ್ದಾರೆ. ನಿಮ್ಮ ಕಡೆ ಏನಂತೀರಿ?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಕಾರಿನ ತೊಂದರೆಗಳಲ್ಲಿ ಜಾಸ್ತಿ ತಲೆ ಕೆಡಿಸುವುದು ಸದ್ದೇ. ಪಂಚರ್ ಆದರೆ ಕಣ್ಣಿಗೆ ಕಾಣುತ್ತದೆ. ಆಯಿಲ್ ಸೋರಿದರೆ ನೆಲದ ಮೇಲೆ ಕಲೆ ಇರುತ್ತದೆ. ಸದ್ದು ಹಾಗಲ್ಲ. ದಾರಿ ಉದ್ದಕ್ಕೂ ಕಾಡಿ, ಗ್ಯಾರೇಜಿನ ಗೇಟು ದಾಟಿದ ಕೂಡಲೇ ನಿಂತುಬಿಡುತ್ತದೆ. ಮೆಕ್ಯಾನಿಕ್ ಟ್ರಯಲ್ ನೋಡಿ ಬಂದು ‘ಏನೂ ಇಲ್ವಲ್ಲ ಸಾರ್’ ಅನ್ನುತ್ತಾನೆ. ಆಮೇಲೆ ನಾವು ಬಾಯಲ್ಲಿ ಹೇಳಿದ್ದೇ ಅವನಿಗೆ ಆಧಾರ.

ಈಚೆಗೆ ನನ್ನ ಗಾಡಿಯನ್ನು ಒಂದು ಸರ್ವಿಸ್ ಸೆಂಟರಿಗೆ ಬಿಟ್ಟಿದ್ದೆ. ಹಳ್ಳದಿಣ್ಣೆಯ ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಮುಂದೆ ಎಡಗಡೆ ‘ಲೊಡಲೊಡ’ ಅನ್ನುತ್ತದೆ ಅಂತ ಹೇಳಿದೆ. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರಿನಲ್ಲಿ ‘ಫ್ರಂಟ್ ನಾಯ್ಸ್’ ಅಂತ ಟೈಪ್ ಮಾಡಿದ. ಸಂಜೆ ಹೋದಾಗ ಬ್ರೇಕ್ ಪ್ಯಾಡ್ ಬಿಚ್ಚಿ, ಉಜ್ಜಿ, ಮತ್ತೆ ಹಾಕಿ ಬಿಲ್ಲೂ ಮಾಡಿದ್ದರು. ಲೊಡಲೊಡ ಹಾಗೇ ಇತ್ತು. ಒಳಗೆ ಕೆಲಸ ಮಾಡಿದವನನ್ನು ಬೈದು ಏನು ಪ್ರಯೋಜನ? ಅವನ ಕೈಗೆ ಸಿಕ್ಕಿದ್ದು ‘ನಾಯ್ಸ್’ ಒಂದೇ. ಬ್ರೇಕಿನದೂ ನಾಯ್ಸೇ, ಬೆಲ್ಟಿನದೂ ನಾಯ್ಸೇ. ನಾನು ಹೇಳಿದ ‘ಲೊಡಲೊಡ’ ಅವನ ಕಿವಿಗೆ ಮುಟ್ಟಿದ್ದರೆ ಮೊದಲು ಲಿಂಕ್ ರಾಡ್ ಹಿಡಿದು ಅಲ್ಲಾಡಿಸುತ್ತಿದ್ದ. ಸಸ್ಪೆನ್ಷನ್ನಿಗೆ ಸೇರಿದ ಸಣ್ಣ ಕಂಬಿ ಅದು. ಅದರ ತುದಿಯಲ್ಲಿರುವ ಗುಂಡು ಸವೆದು ಸಡಿಲವಾದರೆ ಈ ಸದ್ದು ಬರುತ್ತದೆ. ಕಾಲಿಗಿಂತ ದೊಡ್ಡ ಚಪ್ಪಲಿ ಮೆಟ್ಟಿ ನಡೆದರೂ ನಾವು ‘ಲೊಡಲೊಡ’ ಅಂತಲೇ ಹೇಳುವುದು. ಸದ್ದಿನ ಜೊತೆಗೆ ‘ಏನೋ ಸಡಿಲ ಆಗಿದೆ’ ಅನ್ನುವುದನ್ನೂ ಈ ಪದ ಹೇಳಿಬಿಡುತ್ತದೆ. ‘ನಾಯ್ಸ್’ ಅಂತ ಬರೆದಾಗ ಹೋದದ್ದು ಅದು.

ನನಗೆ ತುಂಬ ಇಷ್ಟವಾದ ಜೋಡಿ ‘ಟಕ್’ ಮತ್ತು ‘ಟಕಟಕ’. ಬೆಳಿಗ್ಗೆ ಕೀ ತಿರುಗಿಸುತ್ತೀರಿ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆಗ ಕೇಳಿದ್ದು ‘ಟಕಟಕಟಕಟಕ’ ಅನ್ನುವ ಬಿಡುವಿಲ್ಲದ ಸದ್ದಾದರೆ ಹೆಚ್ಚಾಗಿ ಬ್ಯಾಟರಿ ಇಳಿದಿರುತ್ತದೆ, ಇಲ್ಲವೇ ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತು ಕರೆಂಟ್ ಸರಿಯಾಗಿ ಹರಿಯುತ್ತಿರುವುದಿಲ್ಲ. ಸೆಲ್ಫ್ ಮೋಟಾರಿನ ಸಾಲಿನಾಯ್ಡ್, ಅಂದರೆ ಮೋಟಾರಿಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್, ಒಮ್ಮೆ ಹಿಡಿಯುತ್ತದೆ. ಹಿಡಿದ ತಕ್ಷಣ ಮೋಟಾರು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಬಿದ್ದುಹೋಗುತ್ತದೆ, ಸಾಲಿನಾಯ್ಡ್ ಬಿಟ್ಟುಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ. ಹಿಡಿ-ಬಿಡು, ಹಿಡಿ-ಬಿಡು. ಅದೇ ಟಕಟಕ. ಡ್ಯಾಶ್‌ಬೋರ್ಡಿನ ದೀಪಗಳೂ ಅದರ ಜೊತೆಗೆ ಮಂಕಾಗಿ ಮಿಣುಕುತ್ತವೆ. ಇನ್ನೊಂದು ಗಾಡಿಯಿಂದ ಕೇಬಲ್ ಕೊಟ್ಟರೆ ಸಾಮಾನ್ಯವಾಗಿ ಸ್ಟಾರ್ಟ್ ಆಗುತ್ತದೆ.

ಒಂದೇ ಒಂದು ‘ಟಕ್’ ಆಗಿ ಸುಮ್ಮನಾಯಿತು, ದೀಪಗಳು ಚೆನ್ನಾಗೇ ಉರಿಯುತ್ತಿವೆ ಅಂದರೆ ಕತೆ ಬೇರೆ. ಸಾಲಿನಾಯ್ಡ್ ಹಿಡಿದಿದೆ, ಆದರೆ ಮೋಟಾರು ತಿರುಗುತ್ತಿಲ್ಲ. ಹೆಚ್ಚಾಗಿ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರುತ್ತದೆ, ಇಲ್ಲವೇ ಕಾರ್ಬನ್ ಬ್ರಶ್ ಸವೆದಿರುತ್ತದೆ. ಇದಕ್ಕೆ ಹೊಸ ಬ್ಯಾಟರಿ ಹಾಕಿಸಿದರೆ ದುಡ್ಡು ದಂಡ. ಫೋನಿನಲ್ಲಿ ‘ಟಕ್ ಅಂತು ಅಷ್ಟೆ’ ಅಂತ ಹೇಳುತ್ತೀರೋ, ‘ಟಕಟಕ ಅಂತಿದೆ’ ಅಂತ ಹೇಳುತ್ತೀರೋ ಅನ್ನುವುದರ ಮೇಲೆ ಮೆಕ್ಯಾನಿಕ್ ಬ್ಯಾಟರಿ ತರಬೇಕೋ ಸ್ಪ್ಯಾನರ್ ತರಬೇಕೋ ತೀರ್ಮಾನ ಆಗುತ್ತದೆ.

ಇನ್ನು ‘ಟಕ್ ಟಕ್ ಟಕ್’, ನಡುವೆ ಬಿಡುವು ಕೊಟ್ಟು ಹೇಳುವುದು. ಇದು ಮೂರನೆಯದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಚಕ್ರದ ಕಡೆಯಿಂದ ಹೀಗೆ ಕೇಳಿದರೆ ಆಕ್ಸಲ್ಲಿನ ಜಾಯಿಂಟ್ ನೋಡಬೇಕು. ಅದರ ರಬ್ಬರ್ ಬೂಟು ಹರಿದು, ಗ್ರೀಸು ಚೆಲ್ಲಿ, ಒಳಗೆ ಧೂಳು ಸೇರಿ ಸವೆದಿರುತ್ತದೆ. ಒಂದೇ ಪದವನ್ನು ನಾವು ಮೂರು ಥರ ಹೇಳಿದರೆ ಮೂರು ಬೇರೆ ರೋಗ ಗೊತ್ತಾಗುತ್ತದೆ. ಕನ್ನಡ ಮಾತಾಡುವ ಯಾರಿಗೂ ಈ ವ್ಯತ್ಯಾಸವನ್ನು ಯಾರೂ ಕಲಿಸಿಲ್ಲ, ಆದರೂ ಎಲ್ಲರೂ ಸರಿಯಾಗೇ ಹೇಳುತ್ತಾರೆ.

ಶಾಲೆಯಲ್ಲಿ ಇವನ್ನು ಅನುಕರಣಾವ್ಯಯ ಅಂತ ಓದಿದ್ದೇವೆ. ಪಟಪಟ, ಚಟಚಟ, ದಬದಬ ಅಂತ ಉದಾಹರಣೆ ಬರೆದರೆ ಅಂಕ ಸಿಗುತ್ತಿತ್ತು, ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಇವುಗಳ ಒಳಗೆ ಒಂದು ಕಟ್ಟು ಇದೆ ಅನ್ನುವುದು ನನಗೆ ಹೊಳೆದದ್ದು ಗಾಡಿ ಸಹವಾಸದಿಂದ. ‘ಕಟಕಟ’ ಹಗುರ, ‘ಗಡಗಡ’ ಭಾರ. ‘ಕಿರಕಿರ’ ತೆಳು, ‘ಗರಗರ’ ದಪ್ಪ. ‘ಟಪಟಪ’ ಬೇರೆ, ‘ದಬದಬ’ ಬೇರೆ. ಕ ಇದ್ದಲ್ಲಿ ಗ ಬಂದರೆ, ಟ ಇದ್ದಲ್ಲಿ ಡ ಬಂದರೆ ಸದ್ದಿಗೆ ತೂಕ ಬರುತ್ತದೆ. ‘ಇ’ ಇದ್ದರೆ ಸಣ್ಣದು: ಟಿಕ್, ಟಿಣ್, ಕಿರ್. ಕಿಟ್ಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ. ಆಗ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದದ್ದು ಎತ್ತಿನ ಗಾಡಿ, ಜಟಕಾ. ಅಚ್ಚು ಸವೆದಾಗ, ಕೀಲೆಣ್ಣೆ ಒಣಗಿದಾಗ ಹೇಳುತ್ತಿದ್ದ ಪದಗಳನ್ನೇ ನಾವು ಕಾರಿಗೂ ಬಳಸುತ್ತಿದ್ದೇವೆ. ಎಷ್ಟು ಸಲೀಸಾಗಿ ಹೊಂದಿಕೊಂಡಿವೆ ನೋಡಿ.

ಮತ್ತೆ ‘ಗುಂಯ್’ಗೆ ಬರುತ್ತೇನೆ. ಟಯರ್ ಅಂಕುಡೊಂಕಾಗಿ ಸವೆದರೂ ಹೆಚ್ಚುಕಮ್ಮಿ ಇದೇ ಸದ್ದು ಬರುತ್ತದೆ. ಬೇರಿಂಗ್ ಯಾವುದು, ಟಯರ್ ಯಾವುದು ಅಂತ ಹೇಳುವುದು ಕಷ್ಟ. ಗೊತ್ತುಮಾಡಿಕೊಳ್ಳಲು ಒಂದು ದಾರಿ ಇದೆ. ಖಾಲಿ ರಸ್ತೆಯ ತಿರುವಿನಲ್ಲಿ ಕಿವಿ ಕೊಡಬೇಕು. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಚಕ್ರದ ಮೇಲೆ ಬೀಳುತ್ತದೆ. ಆಗ ಗುಂಯ್ ಜಾಸ್ತಿಯಾದರೆ ಅನುಮಾನ ಬಲಗಡೆಯ ಬೇರಿಂಗ್ ಮೇಲೆ. ಟಯರಿನದಾದರೆ ತಿರುವಿನಲ್ಲಿ ಅಷ್ಟು ಬದಲಾಗುವುದಿಲ್ಲ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹತ್ತಿದಾಗ ಬದಲಾಗುತ್ತದೆ. ಈ ಎರಡು ಸದ್ದಿಗೂ ಬೇರೆ ಬೇರೆ ಪದ ಬಳಸುವ ಊರು ಯಾವುದಾದರೂ ಇದೆಯೇ ಅಂತ ತಿಳಿಯುವ ಆಸೆ. ಲಾರಿ ಡ್ರೈವರುಗಳ ಬಾಯಲ್ಲಿ ಇರಬಹುದು ಅಂತ ನನ್ನ ಅನಿಸಿಕೆ.

‘ಕಿರ್’ ವಿಷಯದಲ್ಲಿ ಮಾತ್ರ ನಮ್ಮ ಪದಗಳು ಸಾಲುತ್ತಿಲ್ಲ. ತಂಪು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಫ್ಯಾನ್ ಬೆಲ್ಟ್ ಜಾರಿದರೂ ಕಿರ್. ಬ್ರೇಕ್ ಪ್ಯಾಡ್ ಸವೆದು ಅದರ ಎಚ್ಚರಿಕೆಯ ತಗಡು ಡಿಸ್ಕಿಗೆ ತಾಗಿದರೂ ಕಿರ್. ಬಿಸಿಲಿಗೆ ಒಣಗಿದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಒಂದಕ್ಕೊಂದು ಉಜ್ಜಿದರೂ ಕಿರ್. ಬೆಲ್ಟಿಗೆ ‘ಕೀಂಯ್’, ಬ್ರೇಕಿಗೆ ‘ಕಿರ್ರ್’, ಪ್ಲಾಸ್ಟಿಕ್ಕಿಗೆ ‘ಕಿರುಗುಟ್ಟುತ್ತದೆ’ ಅಂತ ನಾನು ಬೇರೆ ಮಾಡಿಕೊಂಡಿದ್ದೇನೆ. ನಿಮಗೆ ಒಪ್ಪಿಗೆಯೇ? ಬ್ರೇಕಿನ ಕಿರ್ ಯಾವತ್ತಾದರೂ ‘ಗರಗರ’ ಆದರೆ ಗಾಡಿ ಓಡಿಸುವುದನ್ನು ಬಿಟ್ಟು ಮೊದಲು ತೋರಿಸಿ. ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತಿರುತ್ತದೆ. ರಾತ್ರಿಯೆಲ್ಲ ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲ ಕೆಲವು ಬ್ರೇಕಿಗೆ ಗರಗರ ಅಂದು ನಿಂತರೆ ಭಯ ಬೇಡ. ಡಿಸ್ಕಿನ ಮೇಲೆ ಕಟ್ಟಿದ ತೆಳು ತುಕ್ಕು ಅದು.

ಭಯ ಬೇಡದ ಇನ್ನೊಂದು ಸದ್ದು, ಗಾಡಿ ಆಫ್ ಮಾಡಿದ ಮೇಲೆ ಕೆಳಗಿನಿಂದ ಬರುವ ‘ಟಿಣ್… ಟಿಣ್…’. ಕಾದ ಸೈಲೆನ್ಸರ್ ಕೊಳವೆ ಆರುತ್ತಾ ಕುಗ್ಗುವಾಗ ಬರುವುದು. ಹೊಸದಾಗಿ ಕಾರು ಕೊಂಡವರು ಇದನ್ನು ಕೇಳಿ ಹೆದರುತ್ತಾರೆ ಪಾಪ.

ಈಗ ನನಗೆ ಬೇಕಾದದ್ದು. ಉತ್ತರ ಕರ್ನಾಟಕದವರು ‘ಸಪ್ಪಳ’ ಅನ್ನುತ್ತೀರಿ. ಗಾಡಿಯ ಯಾವ ಸಪ್ಪಳಕ್ಕೆ ಯಾವ ಪದ ಬಳಸುತ್ತೀರಿ? ಕರಾವಳಿಯವರು, ಮಲೆನಾಡಿನವರು ಘಾಟಿ ಇಳಿಯುವಾಗ ಬ್ರೇಕ್ ಮಾಡುವ ಸದ್ದಿಗೆ ಏನಾದರೂ ಬೇರೆ ಹೆಸರು ಇಟ್ಟುಕೊಂಡಿದ್ದೀರಾ? ಬ್ರೇಕ್ ಒತ್ತಿದಾಗ ಸ್ಟೀರಿಂಗ್ ‘ಅದುರುತ್ತದೆ’, ಕ್ಲಚ್ ಬಿಡುವಾಗ ಗಾಡಿ ‘ಜಗ್ಗುತ್ತದೆ’ ಅನ್ನುತ್ತೇವಲ್ಲ, ಇವೆರಡನ್ನೂ ಎಲ್ಲ ಕಡೆ ಇದೇ ಅರ್ಥದಲ್ಲಿ ಬಳಸುತ್ತಾರಾ? ಪದದ ಜೊತೆಗೆ ಗಾಡಿ ಯಾವಾಗ ಹಾಗೆ ಮಾಡುತ್ತದೆ ಅನ್ನುವುದನ್ನೂ ಬರೆಯಿರಿ: ನಿಂತಾಗಲೋ, ಓಡುವಾಗಲೋ, ತಿರುಗುವಾಗಲೋ, ಬ್ರೇಕ್ ಹಾಕಿದಾಗಲೋ. ಎಲ್ಲ ಒಟ್ಟು ಮಾಡಿ ಒಂದು ಹಾಳೆಯಷ್ಟು ಪಟ್ಟಿ ಆದರೆ ನಮ್ಮೂರಿನ ಗ್ಯಾರೇಜುಗಳಿಗೆ ಕೊಡುತ್ತೇನೆ, ಜಾಬ್ ಕಾರ್ಡಿನಲ್ಲಿ ಗಿರಾಕಿ ಹೇಳಿದ ಪದವನ್ನೇ ಬರೆದುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.