ಮಗನಿಗೆ 17, ಬೈಪೋಲಾರ್ ಅಂದಿದ್ದಾರೆ. ಲಿಥಿಯಂ ಈಗಲೇ ಶುರು ಮಾಡಿದವರು ಇದ್ದೀರಾ?

ಹಾಸನದ ಅಮ್ಮ: ಸೆಕೆಂಡ್ ಪಿಯುಸಿ ಹುಡುಗ. ವಾರಗಟ್ಟಲೆ ನಿದ್ದೆಯಿಲ್ಲದೆ ಮಾತೇ ಮಾತು, ಆಮೇಲೆ ತಿಂಗಳುಗಟ್ಟಲೆ ಮಂಕು. ಡಾಕ್ಟರ್ ಮನಸ್ಸಿನ ಈ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ಬರೆದಿದ್ದಾರೆ. ಮಿದುಳು 25ರವರೆಗೆ ಬೆಳೆಯುತ್ತದೆ, ಕಾಯಿರಿ ಅನ್ನುತ್ತಾರೆ ನಮ್ಮ ಭಾವ. ಅನುಭವ ಇದ್ದವರು ಹೇಳಿ.

ಮಂಡ್ಯದವಳು: ನನ್ನ ಮಗಳಿಗೆ 16ರಲ್ಲಿ ಬರೀ ಖಿನ್ನತೆ ಅಂತ ಮಾತ್ರೆ ಕೊಟ್ಟರು. ಕೆಲವೇ ವಾರದಲ್ಲಿ ತಲೆ ಪೂರ್ತಿ ಮೇಲಕ್ಕೇರಿತು. ಅಪ್ಪನ ಕಾರ್ಡಿನಲ್ಲಿ 64,000 ರೂಪಾಯಿಗೆ ಬಟ್ಟೆ, ಬಣ್ಣ, ಒಂದು ಗಿಟಾರ್. ಅಂಗಡಿಯವನು ಗಿಟಾರ್ ಒಂದನ್ನೇ ವಾಪಸ್ ತೆಗೆದುಕೊಂಡ, ಅದರಲ್ಲೂ 1,500 ಮುರಿದುಕೊಂಡ! ಆಮೇಲೆ ಮನಸ್ಸು ಹತೋಟಿಗೆ ತರುವ ವಾಲ್‌ಪ್ರೊಯೇಟ್ ಮಾತ್ರೆ ಬರೆದರು. ಹೆಣ್ಣುಮಗು, ಮುಂದೆ ಬಸಿರಾದರೆ ಕೂಸಿಗೆ ತೊಂದರೆ ಅಂತ ಒಬ್ಬರೂ ಬಾಯಿಬಿಡಲಿಲ್ಲ. ಬೇರೆ ಡಾಕ್ಟರ್ ಲಿಥಿಯಂಗೆ ಬದಲಿಸಿದರು. ಮಾತ್ರೆ ಅಗ್ಗ, ಸುಲಿಯುವುದು ಟೆಸ್ಟುಗಳು. ರಕ್ತದಲ್ಲಿನ ಲಿಥಿಯಂ ಲೆವೆಲ್, ಥೈರಾಯ್ಡಿಗೆ ಟಿಎಸ್‌ಎಚ್, ಕಿಡ್ನಿಗೆ ಕ್ರಿಯಾಟಿನಿನ್, ಮುಗಿಯುವುದೇ ಇಲ್ಲ. ಈಗ ಡಿಗ್ರಿ ಮುಗಿಸಿದ್ದಾಳೆ. ಕಾಯಿರಿ ಅನ್ನುವ ಭಾವಂದಿರು ನಮ್ಮನೆಯಲ್ಲಿ ಅಂಥ ಒಂದು ರಾತ್ರಿ ಕಳೆದು ನೋಡಲಿ.

ದಾವಣಗೆರೆ ಅಪ್ಪ: ನಾವು ಕಾದೆವು, ಒಳ್ಳೆಯದೇ ಆಯಿತು. 15ರ ಹುಡುಗ ಕೂಗಾಡಿದ ತಕ್ಷಣ ಬೈಪೋಲಾರಾ? ಎಂಆರ್‌ಐಗೆ 8,500 ಸುರಿದೆ, ನಾರ್ಮಲ್ ಅಂತ ಬಂತು. ಗಾಂಜಾ ಸಹವಾಸ ಇತ್ತು, ಬಿಡಿಸಿದೆವು. ನಿದ್ದೆ ತಾನಾಗಿ ಸರಿಹೋಯಿತು.

ಸಾಗರದ ಹುಡುಗ: ಎಂಆರ್‌ಐಯಲ್ಲಿ ಬೈಪೋಲಾರ್ ಕಾಣಿಸುವುದಿಲ್ಲ ಸಾರ್. ಸಾವಿರಾರು ಜನರ ಸ್ಕ್ಯಾನ್ ಸೇರಿಸಿ ನೋಡಿದರೆ ಮಿದುಳಿನ ಹೊರಪದರ ಸರಾಸರಿ ತುಸು ತೆಳುವಾಗಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಲಿಥಿಯಂ ತೆಗೆದುಕೊಳ್ಳುವವರಲ್ಲಿ ಅಷ್ಟು ತೆಳು ಇರುವುದಿಲ್ಲ. ಹರೆಯದಲ್ಲಿ ಮಿದುಳಿನ ಭಾವನೆ ಕೆರಳಿಸುವ ಭಾಗ ಅಮಿಗ್ಡಲಾ ಬೇಗ ಚುರುಕಾಗುತ್ತದೆ, ಅದಕ್ಕೆ ಲಗಾಮು ಹಾಕುವ ಹಣೆಯ ಹಿಂದಿನ ಭಾಗ 20 ದಾಟಿದರೂ ಬಲಿಯುತ್ತಲೇ ಇರುತ್ತದೆ. ಕಾಯಿಲೆ ತಲೆಯೆತ್ತುವುದು ಜಾಸ್ತಿ ಈ ವಯಸ್ಸಿನಲ್ಲೇ. ಹಾಗಂತ ಲಿಥಿಯಂ ಅಮೃತ ಅಲ್ಲ. ನನ್ನ ಕೈ ನಡುಗಿ ಲ್ಯಾಬಿನಲ್ಲಿ ಪಿಪೆಟ್ ಹಿಡಿಯಲಾಗಲಿಲ್ಲ. 11 ಕೆಜಿ ಏರಿದೆ. ಹಲ್ಲುನೋವಿಗೆ ಐಬುಪ್ರೊಫೆನ್ ನುಂಗಿದ್ದಕ್ಕೆ ಲಿಥಿಯಂ ಲೆವೆಲ್ ವಿಷದ ಮಟ್ಟಕ್ಕೆ, 1.6ಕ್ಕೆ ಹಾರಿ ಆಸ್ಪತ್ರೆ ಸೇರಿದೆ. ಬಿಲ್ 38,000. ಮಾನಸಿಕ ಕೇಸು ಅಂತ ವಿಮೆಯವರು ಕೈಯೆತ್ತಿದರು. ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅನ್ನುವ 2017ರ ಮಾನಸಿಕ ಆರೋಗ್ಯ ಕಾಯಿದೆ ತೋರಿಸಿ, ಜಗಳವಾಡಿ ವಸೂಲಿ ಮಾಡಿದೆ.

ದಾವಣಗೆರೆ ಅಪ್ಪ: ಪಾಠ ಬೇಡ ತಮ್ಮಾ. ನಿನ್ನ 11 ಕೆಜಿ ನೀನೇ ಇಟ್ಟುಕೋ.

ಮಂಡ್ಯದವಳು: ಗಾಂಜಾ ಬಿಟ್ಟು ಸರಿಹೋದವನನ್ನು ತಂದು ಇಲ್ಲಿ ಲೆಕ್ಕಕ್ಕೆ ಸೇರಿಸಬೇಡಿ ಅಣ್ಣ. ಇದನ್ನು ಓದಿದ ಯಾರೋ ಮಾತ್ರೆ ನಿಲ್ಲಿಸಿದರೆ?

ವಿಮೆ ಏಜೆಂಟ್: ಕಾಯಿದೆ ಇದೆ ಸರಿ. ಆದರೆ ಹೊರರೋಗಿ ಟೆಸ್ಟುಗಳಿಗೆ ಎಷ್ಟೋ ಪಾಲಿಸಿಯಲ್ಲಿ ಕವರ್ ಇಲ್ಲ. ಸುಮ್ನೆ ಆಸೆ ಹುಟ್ಟಿಸಬೇಡಿ.

ಸಾಗರದ ಹುಡುಗ: ಪಾಲಿಸಿ ಮಾರುವಾಗ ಈ ಮಾತು ಯಾಕೆ ಹೇಳುವುದಿಲ್ಲ ನೀವು?

ಹಾಸನದ ಅಮ್ಮ: ಲೆವೆಲ್ ಟೆಸ್ಟ್ ದಿನ ಬೆಳಗ್ಗೆ ಮಾತ್ರೆ ಕೊಡಬೇಕಾ, ಬೇಡವಾ?

ಮಂಡ್ಯದವಳು: ರಕ್ತ ಕೊಟ್ಟ ಮೇಲೆ ಕೊಡಿ. ಹಿಂದಿನ ಮಾತ್ರೆಗೆ 12 ಗಂಟೆ ಆಗಿರಬೇಕು. ಏಜೆಂಟ್ ಸಾರ್, ನೀವು ಇನ್ನೂ ಉತ್ತರ ಕೊಟ್ಟಿಲ್ಲ.