ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಪ್ಪು ಕರಗ್ತಿಲ್ಲ, ಹೊಸ ಕಾಂಕ್ರೀಟ್ ಡ್ರೈವ್‌ವೇಗೆ ಏನು ಹಾಕಬೇಕು?

ಪ್ರಶ್ನೆ:
ಮನೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. 40 ಅಡಿ ಉದ್ದದ ಡ್ರೈವ್‌ವೇ (ರಸ್ತೆಯಿಂದ ಮನೆಗೆ ಕಾರು ಬರುವ ದಾರಿ), ಕಾಂಕ್ರೀಟ್ ಹಾಕಿಸಿದ್ದು ಈ ಸೆಪ್ಟೆಂಬರ್‌ನಲ್ಲಿ. ಹಿಮ ತೆಗೆದ ಮೇಲೂ ಟೈರ್ ಓಡಿದ ಜಾಗದಲ್ಲಿ ಗಾಜಿನಂಥ ಪದರ ಉಳಿಯುತ್ತೆ. ರಾಕ್ ಸಾಲ್ಟ್ (ಕಲ್ಲುಪ್ಪು) ಎರಚಿದರೆ ಹರಳು ಹಾಗೇ ಕೂತಿರುತ್ತೆ. ಜೊತೆಗೆ ರಸ್ತೆಯ ಹಿಮ ತಳ್ಳುವ ಪ್ಲೌ ಗಾಡಿ ಪ್ರತಿ ಸಲ ಬಂದು ಡ್ರೈವ್‌ವೇ ಬಾಯಿಗೆ ದಿಬ್ಬ ಕಟ್ಟಿ ಹೋಗುತ್ತೆ. ಏನು ಮಾಡಬಹುದು?

ಉತ್ತರ 1:
ಉಪ್ಪು ಕೆಲಸ ಮಾಡೋದು ನೀರಲ್ಲಿ ಕರಗಿದ ಮೇಲೆ. ನೆಲದ ಉಷ್ಣಾಂಶ ಮೈನಸ್ 9ಕ್ಕಿಂತ ಕೆಳಗಿಳಿದರೆ ಅದು ಹೆಚ್ಚುಕಡಿಮೆ ಕಲ್ಲೇ. ಇನ್ನೊಂದು ಚೀಲ ಸುರಿದರೂ ಅಷ್ಟೆ. ಕ್ಯಾಲ್ಸಿಯಂ ಕ್ಲೋರೈಡ್ ಅನ್ನೋ ಇನ್ನೊಂದು ಲವಣ ಮೈನಸ್ 25ರ ಆಸುಪಾಸಿನಲ್ಲೂ ನಡೆಯುತ್ತೆ. ಆದರೆ ನಿಮ್ಮ ಕಾಂಕ್ರೀಟ್‌ಗೆ ಇದು ಮೊದಲ ಚಳಿಗಾಲ, ದಯವಿಟ್ಟು ಯಾವ ಕರಗಿಸುವ ರಾಸಾಯನಿಕವನ್ನೂ ಹಾಕಬೇಡಿ. ಕರಗಿದ ನೀರು ರಂಧ್ರಕ್ಕಿಳಿದು ಮತ್ತೆ ಮತ್ತೆ ಹೆಪ್ಪುಗಟ್ಟಿದರೆ ಮೇಲ್ಮೈ ಹಪ್ಪಳದ ಹಾಗೆ ಏಳುತ್ತೆ. ಉಪ್ಪಿನ ಬದಲು ಕೆಲವರು ಎರಚುವ, ಅಮೋನಿಯಂ ಸಲ್ಫೇಟ್ ಇರುವ ಗೊಬ್ಬರವಂತೂ ಕಾಂಕ್ರೀಟನ್ನೇ ತಿನ್ನುತ್ತೆ. ಈ ವರ್ಷ ಒಣಗಿದ ದಪ್ಪ ಮರಳೊಂದೇ ಸಾಕು. ಮಂಜುಗಡ್ಡೆ ಕರಗಲ್ಲ, ಆದರೆ ಕಾಲು ಜಾರಲ್ಲ.

ಮುಂದಿನ ವರ್ಷ ಉಪ್ಪು ಹಾಕುವಾಗಲೂ 20 ಅಡಿಯ ಡ್ರೈವ್‌ವೇಗೆ ಒಂದು ಕಾಫಿ ಮಗ್, ಅಂದರೆ ಸುಮಾರು 340 ಗ್ರಾಂ. ಹರಳಿಗೂ ಹರಳಿಗೂ ಮೂರು ಇಂಚು ಅಂತರ ಇರಲಿ. ಒಣಗಿದ ಮೇಲೆ ಉಳಿದದ್ದನ್ನು ಗುಡಿಸಿ ಡಬ್ಬಕ್ಕೆ ಹಾಕಿಡಿ. ಚರಂಡಿ ಸೇರಿದ ಉಪ್ಪು ನೇರ ಕೆರೆಗೇ ಹೋಗೋದು.

ಆ ಗಾಜಿನ ಪದರಕ್ಕೆ ಮೂಲ ಕಾರಣ ಟೈರ್. ಕಾರು ಹೊರಗೆ ತೆಗೆಯುವ ಮೊದಲೇ ಹಿಮ ಎತ್ತಿದರೆ ಅರ್ಧ ತೊಂದರೆ ಇರಲ್ಲ.

ಉತ್ತರ 2:
ಪ್ಲೌ ದಿಬ್ಬದ ವಿಷಯ. ಅಮೆರಿಕದಲ್ಲಿ ಗಾಡಿಗಳು ಬಲಗಡೆ ಓಡೋದರಿಂದ, ಮನೆಯಿಂದ ರಸ್ತೆಗೆ ಮುಖ ಮಾಡಿ ನಿಂತರೆ ಪ್ಲೌ ನಿಮ್ಮ ಎಡದಿಂದ ಬರುತ್ತೆ. ಭಾರತದ ಅಭ್ಯಾಸಕ್ಕೆ ಇದು ತಿರುಗುಮುರುಗು. ಹಾಗಾಗಿ ಬಾಯಿ ಹತ್ತಿರದ ಹಿಮವನ್ನೆಲ್ಲ ಬಲಕ್ಕೆ ಹಾಕಿ. ಎಡಗಡೆ ರಸ್ತೆ ಅಂಚಿನಲ್ಲಿ ಹತ್ತು ಅಡಿಯಷ್ಟು ಜಾಗ ಖಾಲಿ ಮಾಡಿಟ್ಟರೆ ಪ್ಲೌ ಅಲಗಿನ ಹೊರೆ ಅಲ್ಲೇ ಇಳಿಯುತ್ತೆ. ಆ ಹಿಮವನ್ನು ರಸ್ತೆಗೆ ಮಾತ್ರ ತಳ್ಳಬೇಡಿ, ಅದಕ್ಕೆ ಅನುಮತಿ ಇಲ್ಲ. ಕಾಲುದಾರಿ ಮರೀಬೇಡಿ: ಒಂಟಿ ಮನೆಗಳಿಗೆ ಹಿಮ ಬೀಳೋದು ನಿಂತ ಮೇಲೆ ಅದನ್ನು ತೆಗೆಯಲು 24 ಗಂಟೆ ಗಡುವು.

ಪ್ರಶ್ನೆ ಕೇಳಿದವರು:
ಆ ದಿಬ್ಬಕ್ಕೆ ಸ್ನೋಬ್ಲೋವರ್ (ಹಿಮ ಎಳೆದು ಎಸೆಯುವ ಯಂತ್ರ) ಬಿಟ್ಟರೆ, ಅದರ ತಿರುಗುವ ರೆಕ್ಕೆಯನ್ನು ದಂಡಕ್ಕೆ ಹಿಡಿದಿಡುವ ಶಿಯರ್ ಪಿನ್ ಮುರಿಯುತ್ತೆ. ಗಟ್ಟಿ ಬೋಲ್ಟ್ ಹಾಕಬಹುದಾ?

ಉತ್ತರ 3:
ಬೇಡವೇ ಬೇಡ. ಪಿನ್ ಇರೋದೇ ಮುರಿಯಲಿಕ್ಕೆ. ಬೋಲ್ಟ್ ಹಾಕಿದರೆ ಮುಂದಿನ ಗಡ್ಡೆಗೆ ಗೇರ್‌ಬಾಕ್ಸ್ ಹೋಗುತ್ತೆ. ನಿಮ್ಮ ಮಾಡೆಲ್‌ನದೇ ಪಿನ್ ನಾಲ್ಕು ತಂದಿಡಿ. ದಿಬ್ಬದ ಗಡ್ಡೆಗಳನ್ನು ಮೊದಲು ಸಲಿಕೆಯಿಂದ ಒಡೆದು, ಯಂತ್ರದ ಅಗಲದ ಅರ್ಧಕ್ಕೆ ಮಾತ್ರ ಹಿಮ ತಿನ್ನಿಸುತ್ತ ನಿಧಾನ ಗೇರ್‌ನಲ್ಲಿ ಹೋಗಿ. ಒದ್ದೆ ಹಿಮ ಚ್ಯೂಟ್‌ನಲ್ಲಿ (ಹಿಮ ಹೊರಗೆ ಹಾರುವ ಕೊಳವೆ) ಕಟ್ಟಿಕೊಂಡರೆ ಎಂಜಿನ್ ಆರಿಸಿ, ಎಲ್ಲ ಪೂರ್ತಿ ನಿಲ್ಲುವವರೆಗೆ ಕಾದು, ಕೋಲಿನಿಂದಲೇ ತೆಗೀರಿ. ಎಂಜಿನ್ ಆರಿದ್ದರೂ ಬೆಲ್ಟ್‌ನಲ್ಲಿ ಬಿಗಿ ಉಳಿದಿರಬಹುದು, ಅಡ್ಡ ಸಿಕ್ಕಿದ್ದು ಬಿಡಿಸಿದ ಕ್ಷಣ ರೆಕ್ಕೆ ಒಮ್ಮೆ ತಿರುಗಿಬಿಡುತ್ತೆ. ಬೆರಳು ಹೋಗೋದು ಹಾಗೇ.